44 ಮೀಟರ್ ಕೆಳಗಿನ ಡೆಕ್: ಒರಿಸ್ಕನಿಗೆ ಇಳಿಯೋದು ಹೇಗೆ

ಸಮುದ್ರದ ತಳದಲ್ಲಿರುವ ಒರಿಸ್ಕನಿ ಅನ್ನೋ ಯುದ್ಧನೌಕೆಗೆ ಮೊದಲ ಸಲ ಇಳಿದಾಗ ನಾನು ಅದರ ಡೆಕ್ ಮುಟ್ಟಲಿಲ್ಲ. 38 ಮೀಟರ್ ಆಳದಲ್ಲಿ ತೇಲುತ್ತಾ ನಿಂತಿದ್ದೆ. ಆರು ಮೀಟರ್ ಕೆಳಗೆ ಡೆಕ್ ಕಾಣುತ್ತಿತ್ತು. ಕೊಯ್ಲಾದ ಗದ್ದೆ ಬಯಲಿನ ಹಾಗೆ ಎರಡೂ ಕಡೆ ಹರಡಿಕೊಂಡು ದೂರದ ನೀಲಿಯಲ್ಲಿ ಕರಗಿಹೋಗಿತ್ತು. ನಾಲ್ಕು ಸಲ ಕಾಲು ಬಡಿದರೆ ಮುಟ್ಟಿ ಬರಬಹುದು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜ್ ನೋಡಿದೆ, 110 ಬಾರ್. ಕೈ ಇಳಿಸಿದೆ. ಎಷ್ಟಿತ್ತು? ನೆನಪಾಗಲಿಲ್ಲ. ಮತ್ತೆ ನೋಡಿದೆ. ಮೂರನೇ ಸಲ ನೋಡಿದಾಗ ನಂಬರ್ ಸರಿಯಾಗಿ ಕಾಣುತ್ತಿತ್ತು, ಆದರೆ ಅದು ಜಾಸ್ತಿಯೋ ಕಮ್ಮಿಯೋ ಅನ್ನೋದು ತಲೆಗೆ ಹತ್ತುತ್ತಿರಲಿಲ್ಲ. ಭಯವೂ ಆಗಲಿಲ್ಲ, ಹಾಯಾಗಿತ್ತು. ಆ ಹಾಯೇ ಅಪಾಯ ಅಂತ ಅರ್ಥವಾಗಿದ್ದು ಹತ್ತು ಮೀಟರ್ ಮೇಲೆ ಬಂದ ಮೇಲೆ.

ಎರಡು ವರ್ಷ ಬಿಟ್ಟು ಡೆಕ್ ಮುಟ್ಟಿದೆ. ಆ ಎರಡು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೇತ್ರಾಣಿಯಲ್ಲಿ ಡೈವಿಂಗ್ ಶುರು ಮಾಡಿ, ಈಗ ಅಮೆರಿಕದಲ್ಲೋ ಬೇರೆಲ್ಲೋ ಇದ್ದು, ‘ಇನ್ನೂ ಆಳಕ್ಕೆ ಹೋಗೋಣ’ ಅಂದುಕೊಂಡಿರುವವರಿಗೆ ಇದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿದರೆ ಏನೇನು ಕಲಿಯಬೇಕು ಅಂತ ಗೊತ್ತಾಗುತ್ತದೆ, ಅಷ್ಟೇ. ಕಲಿಯೋದಕ್ಕೆ ನೀರಿನಲ್ಲಿ ಗುರು ಪಕ್ಕದಲ್ಲೇ ಇರಬೇಕು.

ಮೊದಲು ಹಡಗಿನ ಪರಿಚಯ

ಯುಎಸ್‌ಎಸ್ ಒರಿಸ್ಕನಿ ಅಮೆರಿಕದ ನೌಕಾಪಡೆಯ ವಿಮಾನವಾಹಕ ನೌಕೆ. ಉದ್ದ ಸುಮಾರು 900 ಅಡಿ. 1950ರಲ್ಲಿ ಸೇವೆಗೆ ಸೇರಿ ಕೊರಿಯಾ ಮತ್ತು ವಿಯೆಟ್ನಾಂ ಯುದ್ಧ ಎರಡನ್ನೂ ನೋಡಿತು. 1966ರ ಅಕ್ಟೋಬರ್ 26ರಂದು ಮೆಗ್ನೀಸಿಯಂ ಫ್ಲೇರ್ ಒಂದರಿಂದ ಹಡಗಿಗೆ ಬೆಂಕಿ ಬಿದ್ದು 44 ಮಂದಿ ಸತ್ತರು. ಸರಿಯಾಗಿ ಒಂದು ವರ್ಷಕ್ಕೆ, 1967ರ ಅಕ್ಟೋಬರ್ 26ರಂದು, ಇದೇ ಡೆಕ್ಕಿನಿಂದ ಸ್ಕೈಹಾಕ್ ವಿಮಾನ ಹಾರಿಸಿಕೊಂಡು ಹೋದ ಜಾನ್ ಮೆಕೇನ್ ಹನೋಯ್ ಮೇಲೆ ಕ್ಷಿಪಣಿ ಬಡಿದು ವಿಮಾನ ಉರುಳಿ ಸೆರೆಸಿಕ್ಕರು. 2008ರಲ್ಲಿ ಒಬಾಮಾ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರಲ್ಲ, ಅವರೇ.

ನಿವೃತ್ತಿಯಾದ ಹಡಗನ್ನು ಗುಜರಿಗೆ ಹಾಕದೆ, ಮೀನುಗಳಿಗೆ ಮನೆಯಾಗಲಿ ಅಂತ ಫ್ಲಾರಿಡಾದ ಪೆನ್ಸಕೋಲಾ ಊರಿನಿಂದ 20ಕ್ಕೂ ಹೆಚ್ಚು ಮೈಲಿ ದೂರದ ಸಮುದ್ರದಲ್ಲಿ 2006ರ ಮೇ 17ರಂದು ಮುಳುಗಿಸಿದರು. ಸ್ಫೋಟಕ ಸಿಡಿಸಿದ 37 ನಿಮಿಷಕ್ಕೆ ಹಿಂಬದಿ ಮೊದಲು ಇಳಿದು ತಳ ಸೇರಿತು. ಅದೃಷ್ಟಕ್ಕೆ ಮಗ್ಗುಲಾಗದೆ ನೆಟ್ಟಗೆ ಕೂತಿತು. ಮನುಷ್ಯ ಮಾಡಿದ ಹವಳದ ದಿಬ್ಬಗಳಲ್ಲಿ ಇಷ್ಟು ದೊಡ್ಡದು ಅದುವರೆಗೆ ಇರಲಿಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಹೆಸರನ್ನು ತಿರುಚಿ ಡೈವರ್‌ಗಳು ಇದನ್ನು ‘ಗ್ರೇಟ್ ಕ್ಯಾರಿಯರ್ ರೀಫ್’ ಅಂತಾರೆ.

ಈಗ ಆಳದ ಲೆಕ್ಕ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಡೆಕ್ಕಿನ ಮೇಲೆ ಎದ್ದು ನಿಂತಿರುವ ಗೋಪುರದ ತುದಿ ಸುಮಾರು 84 ಅಡಿ, ಅಂದರೆ 26 ಮೀಟರ್. ವಿಮಾನ ಇಳಿಯುತ್ತಿದ್ದ ಡೆಕ್ ಸುಮಾರು 145 ಅಡಿ, 44 ಮೀಟರ್. ಅದರ ಕೆಳಗೆ ವಿಮಾನ ನಿಲ್ಲಿಸುತ್ತಿದ್ದ ಹ್ಯಾಂಗರ್, ಸುಮಾರು 175 ಅಡಿ. ಮರಳಿನ ತಳ 212 ಅಡಿ, ಹತ್ತಿರ ಹತ್ತಿರ 65 ಮೀಟರ್.

ಮಾಮೂಲಿ ಡೈವಿಂಗಿಗೆ ಗಡಿ 130 ಅಡಿ. ಮುಳುಗಿಸಿದ ಹೊಸತರಲ್ಲಿ ಡೆಕ್ 135 ಅಡಿಯಲ್ಲಿತ್ತು. 2008ರಲ್ಲಿ ಗುಸ್ಟಾವ್ ಚಂಡಮಾರುತ ಬಂದು ಹಡಗು ಇನ್ನೂ ಹತ್ತು ಅಡಿ ಕುಸಿಯಿತು. ಈಗ ಗಡಿಗೂ ಡೆಕ್ಕಿಗೂ ನಡುವೆ 15 ಅಡಿ. ಈ ಹದಿನೈದು ಅಡಿಯೇ ಒರಿಸ್ಕನಿಯ ಬಲೆ. ಡೆಕ್ 250 ಅಡಿಯಲ್ಲಿ ಇದ್ದಿದ್ದರೆ ಯಾರೂ ಸುಮ್ನೆ ಹೋಗುತ್ತಿರಲಿಲ್ಲ. ‘ಹದಿನೈದು ಅಡಿ ತಾನೇ, ಮುಟ್ಟಿ ಬರೋಣ’ ಅನ್ನಿಸುವಷ್ಟು ಹತ್ತಿರ ಇದೆ ನೋಡಿ, ಅದೇ ತೊಂದರೆ.

ಮೊದಲನೇ ಹೆಜ್ಜೆ: ಗೋಪುರಕ್ಕೆ ತೃಪ್ತಿಪಡಿ

ಓಪನ್ ವಾಟರ್, ಅಡ್ವಾನ್ಸ್ಡ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ), ಡೀಪ್. ಈ ನಾಲ್ಕು ಕೋರ್ಸ್ ಮುಗಿಸಿ, ಸಮುದ್ರದಲ್ಲಿ ಒಂದಿಷ್ಟು ಡೈವ್ ಆಗಿದ್ದರೆ ಗೋಪುರ ನಿಮ್ಮದು. ಮೊದಲೆರಡು ಟ್ರಿಪ್ ಅಷ್ಟೇ ಮಾಡಿ. ಗೋಪುರವೇ ಹಲವು ಅಂತಸ್ತಿನ ಕಟ್ಟಡದಷ್ಟಿದೆ, ನೋಡಿ ಮುಗಿಯೋದಿಲ್ಲ. ಬಾರಾಕುಡಾ, ಆಂಬರ್‌ಜ್ಯಾಕ್ ಮೀನುಗಳು ಹಿಂಡುಹಿಂಡಾಗಿ ಸುತ್ತುತ್ತವೆ. ಲಯನ್‌ಫಿಶ್ ಅಂತೂ ಮೂಲೆಮೂಲೆಯಲ್ಲಿ. ನೇತ್ರಾಣಿಯಲ್ಲಿ ಅದನ್ನು ನೋಡಿದರೆ ಖುಷಿಯಿಂದ ಬೆರಳು ತೋರಿಸುತ್ತೇವೆ, ನಮ್ಮ ಸಮುದ್ರದ್ದೇ ಮೀನು ಅದು. ಇಲ್ಲಿ ಅದು ಹೊರಗಿನಿಂದ ಬಂದು ಸ್ಥಳೀಯ ಮರಿಮೀನುಗಳನ್ನು ತಿಂದು ಹಾಕುತ್ತಿರುವ ಪೀಡೆ. ಈಟಿ ಹಿಡಿದು ಬೇಟೆಯಾಡುವವರು ಬೋಟಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.

ಸಮುದ್ರಕ್ಕೆ ಹೊಂದಿಕೊಳ್ಳಲು ಪೆನ್ಸಕೋಲಾದಲ್ಲೇ ಆಳ ಕಡಿಮೆಯ ಹಡಗುಗಳಿವೆ. ಪೀಟ್ ಟೈಡ್ 2 ಅನ್ನೋದು ಸುಮಾರು 100 ಅಡಿಯಲ್ಲಿದೆ. ಅಲ್ಲಿ ಹತ್ತು ಡೈವ್ ಮಾಡಿದವರು ಒರಿಸ್ಕನಿಯಲ್ಲಿ ಗಾಬರಿಯಾಗುವುದು ಕಡಿಮೆ.

ಎರಡನೇ ಹೆಜ್ಜೆ: ಟೆಕ್ನಿಕಲ್ ಕೋರ್ಸ್

ಡೆಕ್ ಬೇಕು ಅಂದರೆ ಇಲ್ಲಿಂದ ದಾರಿ ಬೇರೆ. ಯಾವ ಸಂಸ್ಥೆಯ ಕಾರ್ಡ್ ಅನ್ನೋದು ಅಷ್ಟು ಮುಖ್ಯವಲ್ಲ. ಟಿಡಿಐನಲ್ಲಿ ಕಲಿತರೆ ಅಡ್ವಾನ್ಸ್ಡ್ ನೈಟ್ರಾಕ್ಸ್ ಮತ್ತು ಡಿಕಂಪ್ರೆಶನ್ ಪ್ರೊಸೀಜರ್ಸ್ (ನಿಂತು ನಿಂತು ಮೇಲೆ ಬರುವ ವಿಧಾನ) ಎರಡನ್ನೂ ಸೇರಿಸಿ ಮಾಡುತ್ತಾರೆ, 45 ಮೀಟರ್ ತನಕ. ಅದಾದ ಮೇಲೆ ಹೀಲಿಯಂ ಬೆರೆಸಿದ ಟ್ರೈಮಿಕ್ಸ್, 60 ಮೀಟರ್ ತನಕ. ಪಾಡಿಯಲ್ಲಾದರೆ ಟೆಕ್ 40, 45, 50 ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಮರಳಿನ ತಳ ಮುಟ್ಟಬೇಕು ಅಂದರೆ ಇವೆಲ್ಲ ಆದ ಮೇಲೂ ಇನ್ನೊಂದು ಮೆಟ್ಟಿಲಿದೆ.

ನಿಜ ಹೇಳಬೇಕು ಅಂದರೆ ಕೋರ್ಸಿಗಿಂತ ಕಷ್ಟವಾಗಿದ್ದು ಒಂದೇ ಜಾಗದಲ್ಲಿ ಅಲುಗಾಡದೆ ತೇಲುವುದು. ಬೆನ್ನಿಗೆ ಎರಡು ಸಿಲಿಂಡರ್, ಮಗ್ಗುಲಿಗೆ ಒಂದು ನೇತುಹಾಕಿಕೊಂಡು, ಮಾಸ್ಕ್ ತೆಗೆದು ಕಣ್ಣು ಮುಚ್ಚಿ, ಅರ್ಧ ಮೀಟರ್ ಕೂಡ ಮೇಲೆ ಕೆಳಗೆ ಆಗದೆ ಐದು ನಿಮಿಷ ಇರಬೇಕು. ನನಗೆ ಇದು ಒಲಿಯಲು ಒಂದು ಇಡೀ ಚಳಿಗಾಲ ಹಿಡಿಯಿತು. ಅಭ್ಯಾಸ ಮಾಡಿದ್ದು ಉತ್ತರ ಫ್ಲಾರಿಡಾದ ಸಿಹಿನೀರಿನ ಬುಗ್ಗೆಗಳಲ್ಲಿ. ನೀರು ತಿಳಿ, ಅಲೆ ಇಲ್ಲ, ಮೇಲೆ ಬಂದರೆ ಕಾಫಿ.

ಮೂರನೇ ಹೆಜ್ಜೆ: ಉಸಿರಿನ ಮಿಶ್ರಣ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ವಿಷಯ ಇರೋದೇ ಇಲ್ಲಿ.

44 ಮೀಟರಿನಲ್ಲಿ ಒತ್ತಡ 5.4 ಬಾರ್, ಅಂದರೆ ದಡದಲ್ಲಿ ಇರುವುದರ ಐದೂವರೆ ಪಟ್ಟು. ಮಾಮೂಲಿ ಗಾಳಿ ಉಸಿರಾಡಿದರೆ ಅದರಲ್ಲಿರುವ ನೈಟ್ರೋಜನ್ ಅಲ್ಲಿ ಅಮಲು ಬರಿಸುತ್ತದೆ. ನನ್ನ ಗೇಜಿನ ಕಥೆ ಅದೇ. ಇನ್ನೊಂದು ತೊಂದರೆಯನ್ನು ಜನ ಅಷ್ಟಾಗಿ ಮಾತಾಡುವುದಿಲ್ಲ: ಗಾಳಿ ದಪ್ಪ ಆಗುತ್ತದೆ. ಲೀಟರಿಗೆ 5.2 ಗ್ರಾಂ ಒಳಗಿದ್ದರೆ ಒಳ್ಳೆಯದು, 6.2 ದಾಟಲೇಬಾರದು ಅಂತ ಡೈವಿಂಗ್ ವೈದ್ಯರು ಹೇಳುತ್ತಾರೆ. 44 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸುಮಾರು 6.9 ಗ್ರಾಂ. ಅಷ್ಟು ದಪ್ಪ ಗಾಳಿಯನ್ನು ಎಳೆದು ಬಿಡುವಷ್ಟರಲ್ಲಿ ದೇಹದೊಳಗೆ ಇಂಗಾಲದ ಡೈಆಕ್ಸೈಡ್ ಉಳಿದುಬಿಡುತ್ತದೆ. ಸ್ವಲ್ಪ ಜೋರಾಗಿ ಈಜಿದಿರೋ, ಏದುಸಿರು ಶುರು. ಏದುಸಿರು ಬಂದರೆ ಇನ್ನಷ್ಟು ಗಾಬರಿ.

ಪರಿಹಾರ ಹೀಲಿಯಂ. ಬಲೂನಿಗೆ ತುಂಬುತ್ತಾರಲ್ಲ, ಅದೇ. ಡೆಕ್ಕಿಗೆ ನಾನು ಒಯ್ಯುವುದು 21/35: 21 ಭಾಗ ಆಮ್ಲಜನಕ, 35 ಭಾಗ ಹೀಲಿಯಂ, ಉಳಿದದ್ದು ನೈಟ್ರೋಜನ್. ಆಮ್ಲಜನಕದ ಪಾಲಿನ ಒತ್ತಡ 5.4 ಗುಣಿಸು 0.21, ಅಂದರೆ 1.13 ಬಾರ್. ಕೆಳಗಿರುವಾಗಿನ 1.4ರ ಮಿತಿಗಿಂತ ಎಷ್ಟೋ ಕೆಳಗೆ. ಸಾಂದ್ರತೆ 4.9 ಗ್ರಾಮಿಗೆ ಇಳಿಯುತ್ತದೆ. ಅಮಲು ಎಷ್ಟು? ಗಾಳಿ ಉಸಿರಾಡುತ್ತಾ 25 ಮೀಟರಿನಲ್ಲಿ ಇದ್ದಷ್ಟೇ. ಎರಡನೇ ಸಲ ಅದೇ ಡೆಕ್ ನೋಡಿದಾಗ ನನಗೆ ಆಶ್ಚರ್ಯವಾಗಿದ್ದು ಇದೇ: ತುಕ್ಕಿನ ಬಣ್ಣ ಕಾಣುತ್ತಿತ್ತು, ಗೇಜಿನ ನಂಬರ್ ನೆನಪಿರುತ್ತಿತ್ತು. ಹೀಲಿಯಂ ದುಬಾರಿ, ಒಪ್ಪಿದೆ. ಆದರೆ ಮತ್ತಿನಲ್ಲಿ ನೋಡಿ ಮರೆತು ಬರಲು ಬೋಟಿನ ಬಾಡಿಗೆ ಯಾಕೆ ಕೊಡಬೇಕು?

ಮೇಲೆ ಬರುವಾಗ ಬೇರೆ ಸಿಲಿಂಡರ್, 50 ಭಾಗ ಆಮ್ಲಜನಕದ್ದು. ಅದನ್ನು ಬಾಯಿಗಿಡುವುದು 21 ಮೀಟರಿಗೆ ಬಂದ ಮೇಲೆಯೇ. ಆಳದಲ್ಲಿ ತಪ್ಪಿ ಬಾಯಿಗಿಟ್ಟರೆ ಫಿಟ್ಸ್ ಬರಬಹುದು. ನೀರೊಳಗೆ ಫಿಟ್ಸ್ ಬಂದರೆ ಉಸಿರೆಳೆಯುವ ರೆಗ್ಯುಲೇಟರ್ ಬಾಯಿಂದ ಜಾರುತ್ತದೆ, ಮುಂದಿನದ್ದು ಹೇಳಬೇಕಿಲ್ಲ.

ಹಾಗಾಗಿ ಪ್ರತಿ ಸಿಲಿಂಡರನ್ನೂ ನಿಮ್ಮ ಕೈಯಾರೆ ಅನಲೈಸರ್ ಇಟ್ಟು ಪರೀಕ್ಷಿಸಿ. ಒಮ್ಮೆ ಒಂದು ಅಂಗಡಿಯಿಂದ ತಂದ ಸಿಲಿಂಡರಿನ ಮೇಲೆ 50 ಅಂತ ಟೇಪ್ ಅಂಟಿಸಿದ್ದರು. ಅನಲೈಸರ್ 71 ತೋರಿಸಿತು. ಯಂತ್ರ ಕೆಟ್ಟಿದೆ ಅಂದುಕೊಂಡು ಪಕ್ಕದವರದ್ದು ತಂದು ನೋಡಿದೆ, 71. ಬೇರೆ ಯಾರದೋ ಸಿಲಿಂಡರಿಗೆ ನನ್ನ ಟೇಪ್ ಅಂಟಿತ್ತು. 21 ಮೀಟರಿನಲ್ಲಿ ಅದನ್ನು ಎಳೆದಿದ್ದರೆ ಆಮ್ಲಜನಕದ ಪಾಲು 2.2 ಬಾರ್ ಆಗುತ್ತಿತ್ತು, ಮೇಲೆ ಬರುವಾಗಿನ ಮಿತಿ 1.6. ಅಂದಿನಿಂದ ಟೇಪನ್ನು ನಾನೇ ಬರೆಯುತ್ತೇನೆ: ಮಿಶ್ರಣ, ಗರಿಷ್ಠ ಆಳ, ತಾರೀಖು, ಹೆಸರು. ಆಳದ ಅಂಕಿ ಅಂಗೈ ಅಗಲಕ್ಕೆ, ಜೊತೆಗಾರನಿಗೆ ದೂರದಿಂದ ಓದಲು ಬರುವ ಹಾಗೆ.

ನಾಲ್ಕನೇ ಹೆಜ್ಜೆ: ಸಲಕರಣೆ

ಎರಡು ಸಿಲಿಂಡರಿನ ಜೋಡಿ, ನಡುವೆ ಮುಚ್ಚಬಹುದಾದ ವಾಲ್ವ್. ಎರಡು ರೆಗ್ಯುಲೇಟರ್, ಒಂದಕ್ಕೆ ಎರಡು ಮೀಟರ್ ಉದ್ದದ ಹೋಸ್, ಇನ್ನೊಂದು ಕೊರಳಿಗೆ ರಬ್ಬರ್ ದಾರದಲ್ಲಿ ನೇತಾಡುತ್ತಿರಬೇಕು. ಎರಡು ಡೈವ್ ಕಂಪ್ಯೂಟರ್. ಎರಡು ಕತ್ತರಿಸುವ ಸಾಧನ, ಯಾಕೆಂದರೆ ಗೋಪುರದ ತುಂಬಾ ಮೀನು ಹಿಡಿಯುವವರ ದಾರ ಸಿಕ್ಕಿಹಾಕಿಕೊಂಡಿರುತ್ತದೆ. ರೀಲ್ ಮತ್ತು ಮೇಲಕ್ಕೆ ಬಿಡುವ ಕಿತ್ತಳೆ ಬಣ್ಣದ ಸಾಸೇಜ್ ಬಲೂನ್. ಮಾಸ್ಕ್ ಇನ್ನೊಂದು, ತೊಡೆಯ ಜೇಬಿನಲ್ಲಿ. ಉಸಿರಿಗೆ ಬೇಕಾದದ್ದೆಲ್ಲ ಎರಡೆರಡು. ಬ್ರ್ಯಾಂಡ್ ಬಗ್ಗೆ ಜನ ದಿನಗಟ್ಟಲೆ ಜಗಳ ಆಡುತ್ತಾರೆ, ನನಗೆ ಆಸಕ್ತಿ ಇಲ್ಲ.

ಐದನೇ ಹೆಜ್ಜೆ: ಕಾಗದದ ಮೇಲೆ ಡೈವ್

ಹಿಂದಿನ ರಾತ್ರಿ ಹೋಟೆಲ್ ರೂಮಿನಲ್ಲಿ ಕೂತು ಲೆಕ್ಕ ಹಾಕಬೇಕು. ನನ್ನ ಒಂದು ಡೈವ್ ತೋರಿಸುತ್ತೇನೆ. ಅಂಕಿಗಳು ನನ್ನವು, ನಿಮ್ಮದಕ್ಕೆ ನಿಮ್ಮ ಅಂಕಿ.

ದಡದಲ್ಲಿ ನಾನು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತೇನೆ. ಡೆಕ್ಕಿನಲ್ಲಿ ಅದು 5.4 ಪಟ್ಟು, 108 ಲೀಟರ್. 20 ನಿಮಿಷಕ್ಕೆ 2160. ಇಳಿಯಲು ಒಂದು 160. ಒಟ್ಟು 2320 ಲೀಟರ್. 12 ಲೀಟರಿನ ಎರಡು ಸಿಲಿಂಡರ್ ಅಂದರೆ ಪ್ರತಿ ಬಾರ್ ಒತ್ತಡಕ್ಕೆ 24 ಲೀಟರ್. 2320 ಭಾಗಿಸು 24, ಸುಮಾರು 97 ಬಾರ್. 200ರಿಂದ ಹೊರಟರೆ ಡೆಕ್ ಬಿಡುವಾಗ 103 ಉಳಿದಿರಬೇಕು.

ಇದು ಎಲ್ಲ ಸರಿ ಇದ್ದಾಗಿನ ಲೆಕ್ಕ. ಕೆಟ್ಟ ಗಳಿಗೆಯ ಲೆಕ್ಕ ಬೇರೆ. 20ನೇ ನಿಮಿಷಕ್ಕೆ ಜೊತೆಗಾರನ ಗಾಳಿ ಪೂರ್ತಿ ಹೋಯಿತು ಅಂದುಕೊಳ್ಳಿ. ಇಬ್ಬರೂ ನನ್ನ ಸಿಲಿಂಡರಿನಿಂದಲೇ, ಗಾಬರಿಯಲ್ಲಿ ತಲಾ 30 ಲೀಟರ್, ಒಟ್ಟು 60. ಕೆಳಗೇ ಎರಡು ನಿಮಿಷ ಸುಧಾರಿಸಿಕೊಳ್ಳಲು 648 ಲೀಟರ್. 21 ಮೀಟರಿಗೆ ಏರಲು ಮೂರು ನಿಮಿಷ, ಸುಮಾರು 765. ಕೂಡಿಸಿದರೆ 1413, ಅಂದರೆ 59 ಬಾರ್. ನಾನು 70 ಅಂತ ಬರೆದುಕೊಳ್ಳುತ್ತೇನೆ. ಡೆಕ್ಕಿನ ಮೇಲೆ ಎಷ್ಟೇ ಚೆನ್ನಾಗಿರಲಿ, ಗೇಜ್ 70 ಆಗುವ ಮೊದಲೇ ಹೊರಟಿರಬೇಕು. ಆ 70 ನನ್ನದಲ್ಲ, ಅವನದು.

ಡೈವರ್‌ಗಳು ಜೊತೆಗಾರನನ್ನು ‘ಬಡ್ಡಿ’ ಅಂತಾರೆ. ಕನ್ನಡದವರಿಗೆ ನಗು ಬರುತ್ತದೆ, ಆದರೆ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ. ಆಳದಲ್ಲಿ ಕಳೆದ ಪ್ರತಿ ನಿಮಿಷವೂ ಸಾಲ. ನೈಟ್ರೋಜನ್, ಹೀಲಿಯಂ ಎರಡೂ ಮೈಯೊಳಗೆ ಸೇರಿಕೊಂಡಿರುತ್ತವೆ. ಒಮ್ಮೆಲೇ ಮೇಲೆ ಬಂದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುತ್ತದೆ, ಕೀಲು ನೋವಿನಿಂದ ಹಿಡಿದು ಲಕ್ವದ ತನಕ ಏನೂ ಆಗಬಹುದು. ಅದಕ್ಕೇ ದಾರಿಯಲ್ಲಿ ನಿಂತು ನಿಂತು ಕಂತು ಕಟ್ಟುತ್ತಾ ಬರಬೇಕು. ಎಲ್ಲಿ ಎಷ್ಟು ನಿಮಿಷ ಅನ್ನೋದನ್ನು ನಿಮ್ಮ ಪ್ಲಾನರ್ ಸಾಫ್ಟ್‌ವೇರ್ ಕೊಡುತ್ತದೆ. ಬೇಕಂತಲೇ ನನ್ನ ಪಟ್ಟಿ ಕೊಡುತ್ತಿಲ್ಲ. ಐದು ನಿಮಿಷ ಜಾಸ್ತಿ ಆದರೆ, ಮೂರು ಮೀಟರ್ ಆಳ ಆದರೆ, 50ರ ಸಿಲಿಂಡರ್ ಕೈಕೊಟ್ಟರೆ, ಹೀಗೆ ನಾಲ್ಕು ಪಟ್ಟಿ ಮಾಡಿ ಪ್ಲಾಸ್ಟಿಕ್ ಸ್ಲೇಟಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ನೀರಿನಲ್ಲೂ ಪೆನ್ಸಿಲ್ ಅಳಿಸೋದಿಲ್ಲ.

ಆರನೇ ಹೆಜ್ಜೆ: ಆ ದಿನ

ಬೆಳಗ್ಗೆ ಬೇಗ ಬೋಟ್ ಹೊರಡುತ್ತದೆ, ಎರಡು ಗಂಟೆಯ ದಾರಿ. ವಾಂತಿ ಬರುವವರು ಮಾತ್ರೆಯನ್ನು ಹಿಂದಿನ ರಾತ್ರಿಯೇ ತಗೊಳ್ಳಿ. ನೀರು ಕುಡಿಯುತ್ತಾ ಇರಿ. ಬೋಟಿನಲ್ಲಿ ಆಮ್ಲಜನಕದ ಪೆಟ್ಟಿಗೆ ಎಲ್ಲಿದೆ ಅಂತ ಕೇಳಿ, ಕಣ್ಣಾರೆ ನೋಡಿ. ಹೆಚ್ಚಾಗಿ ಬೋಟನ್ನು ಗೋಪುರಕ್ಕೇ ಹಗ್ಗ ಕಟ್ಟಿ ನಿಲ್ಲಿಸುತ್ತಾರೆ. ಆ ಹಗ್ಗವೇ ನಿಮ್ಮ ದಾರಿ, ಹೋಗಲಿಕ್ಕೂ ಬರಲಿಕ್ಕೂ.

ನೀರಿಗೆ ಬಿದ್ದ ಮೇಲೆ ಆರು ಮೀಟರಿನಲ್ಲಿ ನಿಲ್ಲಿ. ಒಬ್ಬರ ಸುತ್ತ ಒಬ್ಬರು ತಿರುಗಿ, ಎಲ್ಲಾದರೂ ಗುಳ್ಳೆ ಸೋರುತ್ತಿದೆಯಾ ನೋಡಿ. ಸೋರುತ್ತಿದ್ದರೆ ಮೇಲೆ ಬನ್ನಿ. ಎರಡು ಗಂಟೆ ಪ್ರಯಾಣ ಮಾಡಿ ಬಂದಿದ್ದೇವೆ ಅಂತ ಅಲ್ಲಿ ಅನ್ನಿಸುತ್ತದೆ, ಅನ್ನಿಸಲಿ.

ನೀರಿನ ಸೆಳೆತ ಇದ್ದರೆ ಹಗ್ಗ ಬಿಡಬೇಡಿ. ಮೊದಲು ನೀಲಿ ಬಿಟ್ಟು ಏನೂ ಕಾಣೋದಿಲ್ಲ. ಆಮೇಲೆ ಕೆಳಗೆ ಒಂದು ಕಪ್ಪು ನೆರಳು, ನೋಡನೋಡುತ್ತಾ ಅದಕ್ಕೆ ಮೂಲೆಗಳು ಮೂಡುತ್ತವೆ. ಗೋಪುರದ ತುದಿಯಲ್ಲಿ ನಿಂತು ಗೇಜ್, ಸಮಯ, ಜೊತೆಗಾರನ ಮುಖ ನೋಡಿ. ಹಗ್ಗ ಕಟ್ಟಿರುವ ಜಾಗದ ಗುರುತು ಹಿಡಿಯಿರಿ. ಆಮೇಲೆ ಗೋಡೆಗುಂಟ ಇಳಿಯಿರಿ. ದಾರಿಯಲ್ಲಿ ಸಾಮಾನ್ಯವಾಗಿ ನೀರು ಒಮ್ಮೆಲೇ ತಣ್ಣಗಾಗುತ್ತದೆ, ಫ್ಯಾನಿನ ಕೆಳಗೆ ಒದ್ದೆ ಅಂಗಿಯಲ್ಲಿ ನಿಂತ ಹಾಗೆ. 44 ಮೀಟರಿಗೆ ಡೆಕ್.

ಅಲ್ಲಿ ಏನು ಮಾಡೋದು? ಸುಮ್ನೆ ಗೋಪುರದ ಬುಡದಲ್ಲೇ ಇರಿ. 900 ಅಡಿ ಉದ್ದವನ್ನೂ ಈಜಿ ಬರುವ ಆಸೆ ಬೇಡ. ಬಗ್ಗಿ ಡೆಕ್ಕಿನ ಒಂದು ಗೇಣು ಜಾಗವನ್ನು ಟಾರ್ಚಿನಲ್ಲಿ ನೋಡಿ. ಕಬ್ಬಿಣ ಅಂದುಕೊಂಡದ್ದರ ಮೇಲೆ ಸ್ಪಂಜು, ಚಿಪ್ಪು, ಅಂಗುಲ ಉದ್ದದ ಏಡಿ, ಅದರ ಹಿಂದೆ ಇನ್ನೂ ಸಣ್ಣದೊಂದು ಮೀನು ತಲೆ ಹೊರಗೆ ಹಾಕಿ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಬೆಳಕು ಬಿದ್ದ ಕೂಡಲೇ ಬೂದು ಅಂತ ಕಂಡದ್ದೆಲ್ಲ ಕೆಂಪು, ಕೇಸರಿ.

ವಿಮಾನ ಇಳಿಸುತ್ತಿದ್ದ ಲಿಫ್ಟಿನ ದೊಡ್ಡ ಬಾಯಿಂದ ಹ್ಯಾಂಗರ್ ಕಾಣುತ್ತದೆ. ಒಳಗೆ ಕತ್ತಲೆ. ಹಡಗಿನೊಳಗೆ ಹೋಗುವ ತರಬೇತಿ ಬೇರೆಯೇ ಇದೆ. ರೀಲಿನ ದಾರ ಕಟ್ಟಿಕೊಂಡು ಹೋಗಬೇಕು, ಮೂರು ಟಾರ್ಚ್ ಬೇಕು, ಗಾಳಿಯಲ್ಲಿ ಮೂರನೇ ಒಂದು ಪಾಲು ಮಾತ್ರ ಹೋಗಲು ಬಳಸಬೇಕು. ಒಮ್ಮೆ ಕಾಲು ಬಡಿದರೆ ಹೂಳು ಎದ್ದು, ಮುಖದ ಮುಂದಿನ ಕೈ ಕಾಣದಂತಾಗುತ್ತದೆ. ಬಾಗಿಲು ದೊಡ್ಡದು ಅನ್ನೋದು ಒಳಗೆ ಹೋಗೋದಕ್ಕೆ ಕಾರಣ ಅಲ್ಲ. ನಾನು ಈವರೆಗೂ ಹೋಗಿಲ್ಲ.

ಏಳನೇ ಹೆಜ್ಜೆ: ಮೇಲೆ ಬರುವುದು

ಸಮಯ ಅಥವಾ ಗಾಳಿ, ಯಾವುದು ಮೊದಲು ಮುಟ್ಟುತ್ತದೋ ಆಗ ಹೆಬ್ಬೆರಳು ಮೇಲೆ, ‘ಮೇಲೆ ಹೋಗೋಣ’ ಅಂತ ಸನ್ನೆ. ಯಾರು ತೋರಿಸಿದರೂ ಚರ್ಚೆ ಇಲ್ಲ, ಕಾರಣ ಕೇಳುವಂತಿಲ್ಲ. ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಜೋರಾಗಿ ಬೇಡ.

21 ಮೀಟರಿನಲ್ಲಿ ಸಿಲಿಂಡರ್ ಬದಲಾವಣೆ. ಇದನ್ನು ದೇವರ ಪೂಜೆಯ ಕ್ರಮದ ಹಾಗೆ ಪ್ರತಿ ಸಲ ಒಂದೇ ರೀತಿ ಮಾಡಿ. ಆಳ ನೋಡು. ಟೇಪ್ ಓದು. ಜೊತೆಗಾರನಿಗೆ ತೋರಿಸು. ವಾಲ್ವ್ ತೆರೆ. ರೆಗ್ಯುಲೇಟರ್ ತೆಗೆ. ಅವನು ಹೋಸ್ ಅನ್ನು ಕೈಯಲ್ಲಿ ಹಿಡಿದು ಸಿಲಿಂಡರಿನ ತನಕ ಸವರಿ ತಲೆಯಾಡಿಸಿದ ಮೇಲೆ ಬಾಯಿಗಿಡು. ಆಮೇಲೆ ಅವನ ಸರದಿ.

ಹಗ್ಗ ಕಳೆದುಹೋದರೆ? ಹುಡುಕುತ್ತಾ ಗಾಳಿ ಖಾಲಿ ಮಾಡಬೇಡಿ. ಬಲೂನ್ ಮೇಲಕ್ಕೆ ಬಿಟ್ಟು, ಅದರ ದಾರ ಹಿಡಿದು ತೇಲುತ್ತಲೇ ಸ್ಟಾಪ್ ಮುಗಿಸಿ. ಬೋಟಿನವರು ಹಿಂಬಾಲಿಸಿಕೊಂಡು ಬರುತ್ತಾರೆ. ಇದನ್ನು ಹೊರಡುವ ಮೊದಲೇ ಕ್ಯಾಪ್ಟನ್ ಜೊತೆ ಮಾತಾಡಿಕೊಂಡಿರಬೇಕು.

ಕೊನೆಯ ಸ್ಟಾಪ್ ಆರು ಮೀಟರಿನಲ್ಲಿ. ಬೇಸರ ಬರುತ್ತದೆ. ಮೇಲೆ ಬೋಟಿನ ತಳ ಕಾಣುತ್ತಿರುತ್ತದೆ, ಯಾರೋ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾರೆ ಅಂತ ಗೊತ್ತು. ಕಂತು ಮುಗಿಯುವ ತನಕ ಅಲ್ಲೇ ಇರಬೇಕು. ಒಮ್ಮೆ ಒಂದು ಬಾರಾಕುಡಾ ಹನ್ನೊಂದು ನಿಮಿಷವೂ ನನ್ನ ಮುಖ ನೋಡುತ್ತಾ ನಿಂತಿತ್ತು.

ಆದ ಮೇಲೆ

ಬೋಟಿನಲ್ಲಿ ಭಾರ ಎತ್ತಬೇಡಿ, ಸಿಲಿಂಡರ್ ಬೇರೆಯವರು ಇಳಿಸಲಿ. ಕೀಲು ನೋವು, ಚರ್ಮದ ಮೇಲೆ ಕಲೆ, ವಿಪರೀತ ಸುಸ್ತು, ಜೋಮು, ಯಾವುದೇ ಇದ್ದರೂ ‘ಏನಿಲ್ಲ ಬಿಡಿ’ ಅನ್ನಬೇಡಿ. ಆಮ್ಲಜನಕ ಹಾಕಿಸಿಕೊಳ್ಳಿ, ಡೈವರ್‌ಗಳಿಗೆ ನೆರವಾಗುವ ಡಾನ್ ಸಂಸ್ಥೆಯ ತುರ್ತು ನಂಬರಿಗೆ ಫೋನ್ ಮಾಡಿಸಿ. ಡೈವಿಂಗ್ ವಿಮೆ ಇಲ್ಲದೆ ಈ ಡೈವ್ ಮಾಡಲೇಬೇಡಿ. ಒತ್ತಡದ ಕೋಣೆಯ ಚಿಕಿತ್ಸೆಯ ಬಿಲ್ ನೋಡಿದರೆ ಹೀಲಿಯಂ ಅಗ್ಗ ಅನ್ನಿಸುತ್ತದೆ.

24 ಗಂಟೆ ವಿಮಾನ ಬೇಡ. ಊರಲ್ಲಿ ಡೈವ್ ಮಾಡುವವರು ಮರೆಯುವ ಮಾತೊಂದಿದೆ: ವಿಮಾನ ಮಾತ್ರ ಅಲ್ಲ, ಘಟ್ಟವೂ ಲೆಕ್ಕಕ್ಕೆ ಬರುತ್ತದೆ. 300 ಮೀಟರ್ ದಾಟಿದರೆ ಎತ್ತರವೇ, ಬೆಂಗಳೂರು 900ರಲ್ಲಿದೆ. ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ ಅದೇ ಸಂಜೆ ಮುರುಡೇಶ್ವರದಿಂದ ಬಸ್ ಹತ್ತುತ್ತಿದ್ದವರಲ್ಲಿ ನಾನೂ ಒಬ್ಬ. ಈಗ ರಾತ್ರಿ ಅಲ್ಲೇ ಉಳಿಯುತ್ತೇನೆ.

ಪೆನ್ಸಕೋಲಾದಲ್ಲಿ ಆ ದಿನ ಕಳೆಯಲು ಒಳ್ಳೆಯ ಜಾಗವೇ ಇದೆ, ನೌಕಾಪಡೆಯ ವಿಮಾನ ಮ್ಯೂಸಿಯಂ. ಟಿಕೆಟ್ ಇಲ್ಲ. ಒಳಗಿನ ದೊಡ್ಡ ಹಾಲಿನ ಸೂರಿಗೆ ನಾಲ್ಕು ನೀಲಿ ಸ್ಕೈಹಾಕ್‌ಗಳನ್ನು ಒಂದರ ಪಕ್ಕ ಒಂದು ಅಂಟಿದ ಹಾಗೆ ನೇತುಹಾಕಿದ್ದಾರೆ. ಮೆಕೇನ್ ಹಾರಿಸಿದ್ದು ಇದೇ ಜಾತಿಯ ವಿಮಾನ. ಕೆಳಗೆ ನಿಂತು ರೆಕ್ಕೆ ನೋಡಿ, ತುದಿಯಿಂದ ತುದಿಗೆ ಎಂಟೂವರೆ ಮೀಟರ್ ಕೂಡ ಇಲ್ಲ. ಹಡಗಿನ ಬೇರೆ ವಿಮಾನಗಳ ಹಾಗೆ ಇದರ ರೆಕ್ಕೆ ಮಡಚುತ್ತಿರಲಿಲ್ಲ. ಇಷ್ಟು ಚಿಕ್ಕದಾದ್ದರಿಂದ ಬಿಚ್ಚಿದ ರೆಕ್ಕೆಯಲ್ಲೇ ಲಿಫ್ಟಿನಲ್ಲಿ ಹಿಡಿಸಿ ಹ್ಯಾಂಗರಿಗೆ ಇಳಿಯುತ್ತಿತ್ತು.